ಹಗ್ಗಕ್ಕೆ ಹತ್ತು ಮುತ್ತು ಕಮ್ಮಿ

ಮೋಟುಕೋರಾ ದ್ವೀಪ
14 ಮಾರ್ಚ್ 1994

ಮೆರೆಯಾನಾ,

ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿಲ್ಲ. ಅದು ಹಾಗಿರಲಿ.

ನೀನು ರಾರೊಟೊಂಗಾದ ಕಾಲೇಜಿನಲ್ಲಿ ಗಣಿತ ಕಲಿಸುತ್ತೀ ಎಂದು ನಿನ್ನಪ್ಪ ಪುನಾ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗುತ್ತಾನೆ. ನಿಜವಾಗಿದ್ದರೆ ನನಗೂ ಕಲಿಸು, ಕಾಗದದಲ್ಲಿ. ನಗಬೇಡ. ನಮ್ಮಪ್ಪನ ದೋಣಿಗೆ ಮುತ್ತಿನ ಚಿಪ್ಪಿಗಾಗಿ ಮುಳುಗು ಹಾಕುವವರು ಒಬ್ಬರು ಕಡಿಮೆ ಇದ್ದರು ಎಂದು ನನ್ನನ್ನು ಶಾಲೆಯಿಂದ ಎಬ್ಬಿಸಿಕೊಂಡು ಹೋದರು. ಆಗ ನನಗೆ ಸರಿಯಾಗಿ ಹಲ್ಲು ಕೂಡ ಬಂದಿರಲಿಲ್ಲ. ಆದರೂ ಕೂಡುವುದು, ಕಳೆಯುವುದು, ಗುಣಿಸುವುದು ನನಗೆ ಬರುತ್ತದೆ. ಮುತ್ತು ಕೊಳ್ಳಲು ಬಂದ ಯಾವನೂ ಈವರೆಗೆ ನನಗೆ ಟೋಪಿ ಹಾಕಿಲ್ಲ.

ವಿಷಯ ಇಷ್ಟು. ಹೋದ ವಾರ ಸರ್ಕಾರದ ಕಡೆಯ ಒಬ್ಬ ಬಂದಿದ್ದ. ಕನ್ನಡಕ, ಮೊಣಕಾಲಿನ ತನಕ ಚಡ್ಡಿ. ಸಭಾಮನೆಯಲ್ಲಿ ಎಲ್ಲ ಕುಟುಂಬದವರನ್ನೂ ಕೂರಿಸಿ ಹಲಗೆಯ ಮೇಲೆ ಒಂದು ಗೆರೆ ಎಳೆದ. ಗೆರೆ ಏರಿ, ಬಾಗಿ, ಇಳಿಯಿತು. "ಇದು ನಿಮ್ಮ ಹವಳದ ದಿಬ್ಬದೊಳಗಿನ ಒಳಗಡಲು" ಎಂದ. ಎಲ್ಲರೂ ತಲೆ ಆಡಿಸಿದರು. ನಾನು ಕೇಳಿದೆ, "ಒಳಗಡಲು ಬೋಗುಣಿ ಥರ ಇದೆ, ನೀನು ಬೋಗುಣಿ ಬೋರಲು ಹಾಕಿದೀಯಲ್ಲಪ್ಪ?" ಅವನು ನಕ್ಕ. ಎಲ್ಲರೂ ನಕ್ಕರು. ನಿನ್ನಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅಷ್ಟು ಜೋರಾಗಿ ನಗುವ ಮಾತು ನಾನೇನೂ ಆಡಿರಲಿಲ್ಲ.

ಆ ಗೆರೆ ಏನು ಎಂದು ನನಗೆ ತಿಳಿಯಬೇಕು. ಯಾಕೆ ಎಂದು ಕೇಳಬೇಡ. ನಿನ್ನಪ್ಪನಿಗೆ ಹೇಳಬೇಡ. ಈ ಕಾಗದವನ್ನು ವಿಮಾನದವನ ಕೈಗೇ ಕೊಡುತ್ತಿದ್ದೇನೆ, ಅಂಚೆಯ ಹುಡುಗಿ ನಿನ್ನಪ್ಪನ ಕಡೆಯವಳು.

ನಿನ್ನ ದೊಡ್ಡಮ್ಮ
ತೆಪೋರಿ


ರಾರೊಟೊಂಗಾ
2 ಏಪ್ರಿಲ್ 1994

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದ ಓದಿ ನಗಲಿಲ್ಲ. ಒಂದೇ ಒಂದು ಸಲ, ಬೋಗುಣಿಯ ಹತ್ತಿರ.

ಆ ಗೆರೆಯನ್ನು ಅರ್ಥ ಮಾಡಿಕೊಳ್ಳುವ ವಿದ್ಯೆಗೆ ಪುಸ್ತಕದಲ್ಲಿ ಕಲನ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಅದು ಕೇಳುವುದು ಒಂದೇ ಪ್ರಶ್ನೆ: ಇನ್ನೊಂದು ಸ್ವಲ್ಪ ಹೆಚ್ಚು ಮಾಡಿದರೆ ಎಷ್ಟು ಹೆಚ್ಚುತ್ತದೆ, ಅಥವಾ ಎಷ್ಟು ಕಮ್ಮಿಯಾಗುತ್ತದೆ? ಉಳಿದದ್ದೆಲ್ಲ ಅಭ್ಯಾಸ. ಅದಕ್ಕೇ ನಾನು ಪಾಠ ಕಳಿಸುವುದಿಲ್ಲ, ಲೆಕ್ಕ ಕಳಿಸುತ್ತೇನೆ.

ಮೊದಲನೆಯದು. ಇಲ್ಲಿ ಶನಿವಾರದ ಸಂತೆಯಲ್ಲಿ ಒಬ್ಬ ಹೆಂಗಸು ಡೋನಟ್ ಮಾರುತ್ತಾಳೆ. ಎಷ್ಟೆಂದು ಗೊತ್ತಿಲ್ಲದ ಸಂಖ್ಯೆಗೆ ಕ್ಷ ಎನ್ನೋಣ. ಅವಳು ಕ್ಷ ತಟ್ಟೆ ಕರಿದರೆ ಅವಳ ಲಾಭ ನಲವತ್ತು ಕ್ಷ, ಅದರಿಂದ ಕ್ಷ-ವನ್ನು ಕ್ಷ-ದಿಂದಲೇ ಗುಣಿಸಿದ್ದನ್ನು ಕಳೆಯಬೇಕು. ಎಷ್ಟು ತಟ್ಟೆ ಕರಿದರೆ ಲಾಭ ಅತಿ ಹೆಚ್ಚು?

ಸೂತ್ರ: ಬರೀ ಕ್ಷ ಇದ್ದ ಕಡೆ ಅದರ ಜೊತೆಗಿರುವ ಸಂಖ್ಯೆಯೇ ಏರುವ ವೇಗ. ಕ್ಷ ಗುಣಿಸು ಕ್ಷ ಇದ್ದ ಕಡೆ ವೇಗ ಎರಡು ಕ್ಷ. ವೇಗ ಸೊನ್ನೆಯಾಗುವ ಜಾಗವೇ ನೆತ್ತಿ. ಅಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಆ ಗೆರೆ ಎಳೆದವರು ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಹೇಳಿದರೇ? ಸುಮ್ಮನೆ ಕೇಳಿದೆ.

ನಿಮ್ಮ
ಮೆರೆಯಾನಾ


ಮೋಟುಕೋರಾ
20 ಏಪ್ರಿಲ್ 1994

ಮೆರೆಯಾನಾ,

ಇಪ್ಪತ್ತು ತಟ್ಟೆ.

ನಿನ್ನ ಸೂತ್ರವನ್ನು ನಂಬಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಹತ್ತೊಂಬತ್ತು ಹಾಕಿ ನೋಡಿದೆ, ಮುನ್ನೂರ ತೊಂಬತ್ತೊಂಬತ್ತು ಬಂತು. ಇಪ್ಪತ್ತಕ್ಕೆ ನಾನೂರು. ಇಪ್ಪತ್ತೊಂದಕ್ಕೆ ಮತ್ತೆ ಮುನ್ನೂರ ತೊಂಬತ್ತೊಂಬತ್ತು. ಆಮೇಲೆ ಸೂತ್ರ ಹಾಕಿದೆ. ಅದೂ ಇಪ್ಪತ್ತೇ ಎಂದಿತು. ಎರಡು ಸಾಕ್ಷಿ ಒಂದೇ ಮಾತು ಹೇಳಿದರೆ ಒಪ್ಪುತ್ತೇನೆ.

ಆದರೆ ಇಪ್ಪತ್ತರ ನಂತರ ಯಾಕೆ ಇಳಿಯುತ್ತದೆ ಎಂದು ನೀನು ಬರೆದಿಲ್ಲ. ಹೆಚ್ಚು ಕರಿದರೆ ಹೆಚ್ಚು ಮಾರಬೇಕು. ಯಾರೋ ತಿನ್ನುತ್ತಿರಬೇಕು, ಅವಳ ಗಂಡನೋ, ಅವಳ ಸೊಸೆಯೋ. ಈ ಹೆಂಗಸು ಯಾರು? ಹೆಸರು ಯಾಕೆ ಕೊಟ್ಟಿಲ್ಲ?

ನೆತ್ತಿ ಎಂದು ಬರೆದಿದ್ದೀ. ನಮ್ಮ ದ್ವೀಪದಲ್ಲಿ ತೆಂಗಿನ ಮರ ಬಿಟ್ಟರೆ ಹತ್ತಲು ಏನಿದೆ? ಆದರೆ ಹವಳದ ಗುಡ್ಡದ ಮೇಲೆ ನೀರೊಳಗೆ ಈಜುತ್ತಾ ಹೋಗುವಾಗ ಗೊತ್ತಾಗುತ್ತದೆ. ನೆಲ ಹೊಟ್ಟೆಯ ಹತ್ತಿರ ಬರುತ್ತಾ ಬರುತ್ತಾ ಒಂದು ಕಡೆ ಬರುವುದನ್ನು ನಿಲ್ಲಿಸುತ್ತದೆ, ಆಮೇಲೆ ದೂರ ಸರಿಯುತ್ತದೆ. ಅದೇ ತಾನೇ ನಿನ್ನ ಸೊನ್ನೆ? ಹೌದಾದರೆ ಹೌದು ಎಂದು ಬರೆ. ಅಲ್ಲವಾದರೆ ಬರೆಯಬೇಡ, ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಯಾಕೆ ಕೇಳಿದೆ? ಸುಮ್ಮನೆ ಕೇಳುವವರು ಸುಮ್ಮನೆ ಕೇಳಿದೆ ಎಂದು ಹೇಳುವುದಿಲ್ಲ.

ತೆಪೋರಿ


ರಾರೊಟೊಂಗಾ
11 ಮೇ 1994

ಪ್ರೀತಿಯ ದೊಡ್ಡಮ್ಮ,

ಹೌದು. ಅದೇ ನನ್ನ ಸೊನ್ನೆ. ತರಗತಿಯಲ್ಲಿ ನಿಮ್ಮ ಹವಳದ ಗುಡ್ಡವನ್ನೇ ಹೇಳಿದೆ, ಹಿಂದಿನ ಬೆಂಚಿನವರಿಗೂ ತಿಳಿಯಿತು.

ಡೋನಟ್ ಯಾರೂ ಕದಿಯುತ್ತಿಲ್ಲ. ಒಂದೇ ಎಣ್ಣೆ, ಒಂದೇ ಒಲೆ. ಹೆಚ್ಚು ಕರಿದಷ್ಟೂ ಎಣ್ಣೆ ಕಪ್ಪಾಗುತ್ತದೆ, ಉಳಿದದ್ದು ಒಣಗುತ್ತದೆ. ಕಳ್ಳನಿಲ್ಲದೆಯೂ ನಷ್ಟವಾಗುತ್ತದೆ, ದೊಡ್ಡಮ್ಮ.

ಎರಡನೆಯದು. ಕಡಲ ಗೋಡೆಗೆ ಆತುಕೊಂಡ ಹಾಗೆ ಹಂದಿಗೆ ಬೇಲಿ ಕಟ್ಟಬೇಕು. ಹಗ್ಗ ನಲವತ್ತು ಮೀಟರ್. ಗೋಡೆಯ ಕಡೆ ಹಗ್ಗ ಬೇಡ, ಮೂರು ಕಡೆ ಸಾಕು. ಅಗಲ ಎಷ್ಟಿದ್ದರೆ ಹಂದಿಗೆ ಜಾಗ ಅತಿ ಹೆಚ್ಚು?

ಈ ಲೆಕ್ಕಗಳು ನಿಮಗೆ ಯಾಕೆ ಬೇಕು ಎಂದು ನಾನು ಕೇಳುವುದಿಲ್ಲ. ನೀವಾಗಿಯೇ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಮೆರೆಯಾನಾ


ಮೋಟುಕೋರಾ
30 ಮೇ 1994

ಮೆರೆಯಾನಾ,

ಅಗಲ ಹತ್ತು, ಉದ್ದ ಇಪ್ಪತ್ತು, ಜಾಗ ಇನ್ನೂರು. ಹಗ್ಗ ತಂದು ಗೋಡೆಯ ಹತ್ತಿರ ಮರಳಿನ ಮೇಲೆ ಹಾಸಿಯೂ ನೋಡಿದೆ. ನಿನ್ನಪ್ಪ ದಾರಿಯಲ್ಲಿ ಹೋಗುತ್ತಿದ್ದವನು ನಿಂತ.

"ಏನತ್ತಿಗೆ, ಮರಳಿಗೆ ಬೇಲಿ ಹಾಕ್ತಿದೀಯಾ? ಓಡಿ ಹೋಗುತ್ತಾ ಅದು?"

"ಓಡಿ ಹೋಗೋದನ್ನ ಹಿಡಿಯೋಕಲ್ಲ, ಒಳಗೆ ನುಗ್ಗೋರನ್ನ ತಡೆಯೋಕೆ" ಎಂದೆ.

ಅವನು ಹಗ್ಗವನ್ನೇ ನೋಡುತ್ತಾ ನಿಂತಿದ್ದ. ಅಷ್ಟು ಹೊತ್ತು ನೋಡಲು ಅದರಲ್ಲಿ ಏನಿತ್ತು?

ಹೇಳಿಬಿಡುತ್ತೇನೆ, ಕೇಳು. ಆ ಗೆರೆಯವನು ಏನು ಹೇಳಿ ಹೋದ ಗೊತ್ತೇ? ಒಳಗಡಲಲ್ಲಿ ಮುತ್ತಿನ ಚಿಪ್ಪು ತೂಗುಬಿಟ್ಟ ಹಗ್ಗಗಳು ಹೆಚ್ಚಾಗಿವೆಯಂತೆ, ಚಿಪ್ಪುಗಳಿಗೆ ತಿನ್ನಲು ನೀರಲ್ಲಿ ಏನೂ ಉಳಿದಿಲ್ಲವಂತೆ. ಪ್ರತಿ ಕುಟುಂಬವೂ ಮೂರರಲ್ಲಿ ಒಂದು ಪಾಲು ಹಗ್ಗ ಎತ್ತಬೇಕಂತೆ. ಅಕ್ಟೋಬರಿನ ಸುವಾರ್ತೆ ಹಬ್ಬದ ಹಿಂದಿನ ಸಭೆಯಲ್ಲಿ ಎಲ್ಲ ಕುಟುಂಬದ ಹಿರಿಯರು ಕೈ ಎತ್ತಬೇಕು. ಒಬ್ಬರು ಎತ್ತದಿದ್ದರೂ ಆಗುವುದಿಲ್ಲ. ಇಲ್ಲಿಯವರೆಗೆ ಎತ್ತುವುದಿಲ್ಲ ಎಂದವಳು ನಾನೊಬ್ಬಳೇ.

ನನ್ನ ಹತ್ತಿರ ಇರುವುದು ನಲವತ್ತು ಹಗ್ಗ. ನಿನ್ನಪ್ಪನ ಹತ್ತಿರ ಇನ್ನೂರು. ನನ್ನವು ಪ್ರತಿಯೊಂದೂ ನಿನ್ನ ದೊಡ್ಡಪ್ಪ ತಿಹಾವು ಸಾಯುವ ಮೊದಲು ಕೈಯಾರೆ ಕಟ್ಟಿದ್ದು. ನಾನು ಎತ್ತಿದ ಜಾಗದಲ್ಲಿ ನಾಳೆ ಯಾರ ಹಗ್ಗ ಇಳಿಯುತ್ತದೆ? ನನ್ನ ಪಕ್ಕದವನು ಯಾರು? ಆ ಗೆರೆಯವನು ಯಾರ ಮನೆಯಲ್ಲಿ ಊಟ ಮಾಡಿದ? ನಿನ್ನಪ್ಪನ ಮನೆಯಲ್ಲಿ. ಏಡಿ, ಮೊಳಕೆ ಬಂದ ತೆಂಗಿನಕಾಯಿ, ಹಂದಿ. ನನಗೆ ಕರೆ ಬರಲಿಲ್ಲ.

ಹಂದಿ ಸಾಕು. ಒಳಗಡಲಿನ ಲೆಕ್ಕ ಕಳಿಸು. ಮತ್ತೆ ಡೋನಟ್‌ಗೂ ನಲವತ್ತು, ಹಂದಿಗೂ ನಲವತ್ತು. ನಿನ್ನ ಹತ್ತಿರ ಬೇರೆ ಸಂಖ್ಯೆ ಇಲ್ಲವೇ?

ತೆಪೋರಿ


ರಾರೊಟೊಂಗಾ
18 ಜೂನ್ 1994

ದೊಡ್ಡಮ್ಮ,

ಕೇಳಿದಿರಿ, ಕಳಿಸುತ್ತಿದ್ದೇನೆ.

ಒಂದು ಒಳಗಡಲಿನಲ್ಲಿ ಕ್ಷ ನೂರುಗಳಷ್ಟು ಹಗ್ಗಗಳಿವೆ. ಹಗ್ಗಗಳು ಹೆಚ್ಚಿದಷ್ಟೂ ಪ್ರತಿ ಚಿಪ್ಪಿಗೆ ಆಹಾರ ಕಡಿಮೆ. ಹಾಗಾಗಿ ಒಂದು ಹಗ್ಗಕ್ಕೆ ಸಿಗುವ ಒಳ್ಳೆಯ ಮುತ್ತು ನೂರಿಪ್ಪತ್ತು, ಅದರಿಂದ ಎರಡು ಕ್ಷ ಕಳೆದದ್ದು. ಎಲ್ಲ ಹಗ್ಗಗಳಿಂದ ಸೇರಿ ಅತಿ ಹೆಚ್ಚು ಮುತ್ತು ಬರಬೇಕಾದರೆ ಕ್ಷ ಎಷ್ಟಿರಬೇಕು?

ಎರಡನೆಯ ಭಾಗ: ಈಗ ಅಲ್ಲಿ ನಲವತ್ತೈದು ನೂರು ಹಗ್ಗಗಳಿದ್ದರೆ ಒಂದು ಹಗ್ಗಕ್ಕೆ ಎಷ್ಟು ಮುತ್ತು ಬರುತ್ತಿರಬೇಕು? ನೆತ್ತಿಯ ಸಂಖ್ಯೆಗೆ ಇಳಿಸಿದರೆ ಎಷ್ಟು ಬರುತ್ತದೆ?

ದಯವಿಟ್ಟು ನಿಧಾನವಾಗಿ ಮಾಡಿ. ಉತ್ತರ ನೋಡಿದ ಮೇಲೆ ಸಿಟ್ಟು ಬಂದರೆ ಇನ್ನೊಮ್ಮೆ ಮಾಡಿ.

ಮೆರೆಯಾನಾ


ಮೋಟುಕೋರಾ
9 ಜುಲೈ 1994

ಮೆರೆಯಾನಾ,

ನೆತ್ತಿ ಮೂವತ್ತು ನೂರಕ್ಕೆ. ನಲವತ್ತೈದಿದ್ದರೆ ಹಗ್ಗಕ್ಕೆ ಮೂವತ್ತು ಮುತ್ತು, ಮೂವತ್ತಕ್ಕೆ ಇಳಿಸಿದರೆ ಅರವತ್ತು. ನಲವತ್ತೈದರಿಂದ ಮೂವತ್ತು ಎಂದರೆ ಮೂರರಲ್ಲಿ ಒಂದು ಪಾಲು ಎತ್ತುವುದು. ಎಷ್ಟು ಚೆಂದಕ್ಕೆ ಹೊಂದಿಕೊಂಡಿತು ನೋಡು.

ಈಗ ನಾನು ಕೇಳುತ್ತೇನೆ. ನಲವತ್ತೈದು ಎಂದು ನಿನಗೆ ಹೇಳಿದವರು ಯಾರು? ನಾನು ಬರೆದಿಲ್ಲ. ಹಲಗೆಯ ಮೇಲೆ ಇದ್ದ ಸಂಖ್ಯೆ ಅದು. ನೂರಿಪ್ಪತ್ತೂ ಹಲಗೆಯ ಮೇಲೆ ಇತ್ತು.

ಎರಡು ದಿನ ನನ್ನೊಳಗೇ ಇಟ್ಟುಕೊಂಡಿದ್ದೆ. ಆಮೇಲೆ ಧರ್ಮಸಭೆಯ ಮದುವೆ ಊಟದಲ್ಲಿ ನಿನ್ನಪ್ಪ ಹಂದಿ ಬೇಯಿಸುವ ನೆಲದೊಲೆಯ ಮೇಲಿನ ಕಲ್ಲು ತೆಗೆಯುತ್ತಿದ್ದ. ಪಕ್ಕ ಹೋಗಿ ನಿಂತೆ.

"ಆ ಗೆರೆ ಚೆನ್ನಾಗಿತ್ತು ಅಲ್ವಾ ಪುನಾ?"

"ಚೆನ್ನಾಗಿರದೆ ಏನು! ನನ್ ಮಗಳೇ ಎಳೆದದ್ದು. ಆ ಕನ್ನಡಕದವನಿಗೆ ಸೀಸದಕಡ್ಡಿ ಹಿಡಿಯೋಕೂ ಬರಲ್ಲ. ಯಾರಿಗೂ ಹೇಳಬೇಡ ಅಂದಿದಾಳೆ ಅತ್ತಿಗೆ, ನಿನಗಂತೂ ಹೇಳಲೇಬೇಡ ಅಂದಿದಾಳೆ!"

ಹೇಳಿ ಹಲ್ಲು ಕಿರಿದ. ಅವನ ಬಾಯಿ ಮೊದಲಿಂದಲೂ ಹಾಗೇ, ಮುಚ್ಚಳವಿಲ್ಲದ ಡಬ್ಬಿ.

ಏಪ್ರಿಲ್‌ನಿಂದ ನೀನು ನನಗೆ ಡೋನಟ್ ತಿನ್ನಿಸಿದೆ, ಹಂದಿ ಸಾಕಿಸಿದೆ, ಮಗುವಿನ ಕೈ ಹಿಡಿದ ಹಾಗೆ ಹಿಡಿದು ನಿನ್ನಪ್ಪನಿಗೆ ಬೇಕಾದ ಉತ್ತರದ ಬಾಗಿಲಿಗೇ ತಂದು ನಿಲ್ಲಿಸಿದೆ. ನಾನು ನಿನಗೆ ಈಜು ಕಲಿಸಿದಾಗ ಆಳ ಎಲ್ಲಿದೆ ಎಂದು ಮೊದಲೇ ಹೇಳಿದ್ದೆ. ನೀನು ಹೇಳಲಿಲ್ಲ.

ಆದರೆ ನೀನು ಕಲಿಸಿದ್ದು ನಿನಗೇ ತಿರುಗಿದೆ. ಹೋದ ಕೊಯ್ಲಿನಲ್ಲಿ ನನ್ನ ನಲವತ್ತು ಹಗ್ಗಕ್ಕೆ ಒಳ್ಳೆಯ ಮುತ್ತು ಎಂಟುನೂರು ಬಂತು. ಹಗ್ಗಕ್ಕೆ ಇಪ್ಪತ್ತು. ನಿನ್ನ ಗೆರೆ ಮೂವತ್ತು ಎನ್ನುತ್ತದೆ. ಹಗ್ಗಕ್ಕೆ ಹತ್ತು ಮುತ್ತು ಕಮ್ಮಿ. ಅವು ಎಲ್ಲಿ ಹೋದವು? ಒಂದೋ ನಿನ್ನ ಗೆರೆ ಸುಳ್ಳು. ಇಲ್ಲವೋ ಗೆರೆ ನಿಜ, ನನ್ನ ಮುತ್ತಿಗೆ ಕೈ ಹಾಕುವವನು ಒಬ್ಬನಿದ್ದಾನೆ. ಫೆಬ್ರವರಿಯಲ್ಲಿ ನಿನ್ನಪ್ಪನ ದೋಣಿ ನನ್ನ ಹಗ್ಗ ಕಟ್ಟಿದ ತೇಲುಗುಂಡಿನ ಪಕ್ಕ ನಿಂತದ್ದನ್ನು ನಾನೇ ನೋಡಿದೆ. ಏನೋ ಎಂದು ಕೇಳಿದ್ದಕ್ಕೆ, "ಬಿಚ್ಚಿ ಹೋಗಿತ್ತು ಅತ್ತಿಗೆ, ಕಟ್ಟಿದೆ" ಎಂದ. ಕಟ್ಟಿದ್ದು ಮಾತ್ರವೋ?

ಅಕ್ಟೋಬರಿನ ಸಭೆಯಲ್ಲಿ ನಾನು ಕೈ ಎತ್ತುವುದಿಲ್ಲ. ಎದ್ದು ನಿಲ್ಲುತ್ತೇನೆ. ಪಾದ್ರಿಯ ಮುಂದೆ, ಎಲ್ಲ ಕುಟುಂಬಗಳ ಮುಂದೆ ಕಳ್ಳನ ಹೆಸರು ಹೇಳುತ್ತೇನೆ. ನಿನ್ನ ಲೆಕ್ಕವೇ ನನ್ನ ಸಾಕ್ಷಿ.

ತೆಪೋರಿ


ಮೋಟುಕೋರಾ
13 ಆಗಸ್ಟ್ 1994

ಮೆರೆಯಾನಾ,

ನಾಲ್ಕು ವಿಮಾನ ಬಂದು ಹೋದವು. ನಿನ್ನ ಕಾಗದ ಇಲ್ಲ. ನಿನ್ನಪ್ಪ ನನ್ನನ್ನು ಕಂಡರೆ ದೋಣಿ ತಿರುಗಿಸುತ್ತಾನೆ. ಅಂದರೆ ನೀನು ಅವನಿಗೆ ಬರೆದಿದ್ದೀ, ನನಗೆ ಬರೆದಿಲ್ಲ.

ಬಾಯಿ ಮುಚ್ಚಿಕೊಂಡಿರುವುದನ್ನೂ ಒಂದು ಉತ್ತರ ಎಂದೇ ಹಿಡಿಯುತ್ತೇನೆ.

ತೆಪೋರಿ


ರಾರೊಟೊಂಗಾ
22 ಆಗಸ್ಟ್ 1994

ದೊಡ್ಡಮ್ಮ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು.

ಅಪ್ಪನಿಗೆ ನಾನು ಏನೂ ಬರೆದಿಲ್ಲ. ಅವರು ದೋಣಿ ತಿರುಗಿಸುವುದು ಹೇಳಬಾರದ್ದನ್ನು ನಿಮಗೆ ಹೇಳಿದ ನಾಚಿಕೆಗೆ ಇರಬೇಕು.

ಗೆರೆ ಎಳೆದದ್ದು ನಾನು. ಕಚೇರಿಯವರು ನೀರಿನ ಅಳತೆ ತಂದು ಕೊಟ್ಟರು, ಪ್ರತಿ ಕುಟುಂಬವೂ ಬಾಯಲ್ಲಿ ಹೇಳಿದ ಹಗ್ಗದ ಎಣಿಕೆ ತಂದು ಕೊಟ್ಟರು. ನಾನು ಕೂತು ಲೆಕ್ಕ ಹಾಕಿದೆ. ನಿಮಗೆ ಹೇಳಲಿಲ್ಲ, ತಪ್ಪು. ಪುನಾನ ಮಗಳು ಎಳೆದ ಗೆರೆ ಎಂದು ತಿಳಿದಿದ್ದರೆ ನೀವು ಆ ಗೆರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಎಳೆದೆ ಎಂಬ ಕಾರಣಕ್ಕೆ ನೀವು ಒಪ್ಪುವುದಾಗಲಿ ಒಪ್ಪದಿರುವುದಾಗಲಿ ನನಗೆ ಬೇಡವಾಗಿತ್ತು. ನೀವೇ ಎಳೆದು ನೋಡಲಿ ಎಂದುಕೊಂಡೆ.

ಅಪ್ಪನ ವಿಷಯಕ್ಕೆ ನಾನು ಏನು ಹೇಳಿದರೂ ಮಗಳ ಮಾತಾಗುತ್ತದೆ. ಹಾಗಾಗಿ ಲೆಕ್ಕವನ್ನೇ ಕೇಳೋಣ. ನಿಮಗೆ ಹಗ್ಗಕ್ಕೆ ಇಪ್ಪತ್ತು ಬಂತು. ಅಪ್ಪ ಹೋದ ಕ್ರಿಸ್ಮಸ್‌ಗೆ ಇಲ್ಲಿಗೆ ಬಂದಾಗ ತನಗೂ ಹಗ್ಗಕ್ಕೆ ಇಪ್ಪತ್ತೇ ಬಂತೆಂದು ಗೊಣಗಿದ್ದರು. ಆಗ ನಾನು ಅದಕ್ಕೆ ಗಮನ ಕೊಡಲಿಲ್ಲ. ಕಳ್ಳ ತನ್ನ ಹಗ್ಗದಿಂದಲೂ ಹತ್ತು ಕದಿಯುತ್ತಾನೆಯೇ?

ನೂರಿಪ್ಪತ್ತರಿಂದ ಎರಡು ಕ್ಷ ಕಳೆದರೆ ಇಪ್ಪತ್ತು ಉಳಿಯಬೇಕು. ಕ್ಷ ಎಷ್ಟು? ಐವತ್ತು. ಅಂದರೆ ಒಳಗಡಲಲ್ಲಿ ಇರುವುದು ನಲವತ್ತೈದು ನೂರಲ್ಲ, ಐವತ್ತು ನೂರು. ಐನೂರು ಹಗ್ಗಗಳನ್ನು ಯಾರೋ ಬಚ್ಚಿಟ್ಟಿದ್ದಾರೆ. ಅಥವಾ ನನ್ನ ಗೆರೆ ತಪ್ಪು. ಎರಡರಲ್ಲಿ ಒಂದು.

ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ. ಈ ಕೆಲಸಕ್ಕೆ ಅಂಥವರೇ ಬೇಕು. ನೀವೇ ಹೋಗಿ ಎಣಿಸಿ. ಮೊದಲು ಅಪ್ಪನ ಹಗ್ಗ ಎಣಿಸಿ.

ಎಣಿಸುವವರೆಗೆ ಯಾರ ಹೆಸರನ್ನೂ ಹೇಳಬೇಡಿ. ಸಭೆಯಲ್ಲಿ ಒಮ್ಮೆ ಆಡಿದ ಮಾತು ಆಮೇಲೆ ತಪ್ಪೆಂದು ತಿಳಿದರೂ ಆ ದ್ವೀಪದಲ್ಲಿ ಸಾಯುವುದಿಲ್ಲ. ನನಗಿರುವುದು ಒಬ್ಬ ಅಪ್ಪ, ಒಬ್ಬ ದೊಡ್ಡಮ್ಮ.

ಮೆರೆಯಾನಾ


ಮೋಟುಕೋರಾ
24 ಸೆಪ್ಟೆಂಬರ್ 1994

ಮೆರೆಯಾನಾ,

ಎಣಿಸಿದೆ. ಮಂಡಿಗೆ ಬಟ್ಟೆ ಸುತ್ತಿಕೊಂಡು ದೋಣಿಯಲ್ಲಿ ಇಡೀ ಒಳಗಡಲು ಸುತ್ತಿದೆ. ತೇಲುಗುಂಡು ತೇಲುಗುಂಡಿಗೆ ನಿಲ್ಲಿಸಿ, ಹಗ್ಗ ಹಿಡಿದು ಎಳೆದು ನೋಡಿ ಎಣಿಸಿದೆ. ಜನ ದಡದಲ್ಲಿ ನಿಂತು ನೋಡಿದರು.

"ತೆಪೋರಮ್ಮಾ, ಏನು ಕಳ್ಕೊಂಡ್ರಿ?"

"ನಂಬಿಕೆ" ಎಂದೆ.

ನಿನ್ನಪ್ಪನದು ಸರಿಯಾಗಿ ಇನ್ನೂರು. ಇನ್ನೂರ ಒಂದಿರಲಿ ದೇವರೇ ಎಂದು ಬೇಡಿಕೊಂಡು ಎರಡು ಸಲ ಎಣಿಸಿದೆ. ಇನ್ನೂರೇ. ಉಳಿದವರದೂ ಅವರವರು ಹೇಳಿದಷ್ಟೇ. ಒಟ್ಟು ನಲವತ್ತೈದು ನೂರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ನಮ್ಮ ಐವತ್ತು ಕುಟುಂಬಗಳ ದ್ವೀಪದಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ ಎಂದು ತಿಳಿದು ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಚ್ಚಿಟ್ಟ ಹಗ್ಗ ಒಂದೂ ಇಲ್ಲ. ಗುಡಿಗೆ ಬಿಟ್ಟ ದೇವರ ಹಗ್ಗಗಳನ್ನು ಎಣಿಸಲಿಲ್ಲ, ಅವನ್ನು ಯಾರೂ ಎಣಿಸುವುದಿಲ್ಲ, ಅವು ಯಾರವೂ ಅಲ್ಲವಲ್ಲ.

ಹಾಗಾದರೆ ಉಳಿದದ್ದು ಎರಡೇ. ನಿನ್ನ ಗೆರೆ ತಪ್ಪು, ಅಥವಾ ನಿನ್ನಪ್ಪ ಕಳ್ಳ. ನಿನ್ನಪ್ಪನಿಗೂ ಇಪ್ಪತ್ತೇ ಬಂತು ಎಂದು ಹೇಳಿದವನು ಯಾರು? ನಿನ್ನಪ್ಪ. ಕಳ್ಳ ಮೂವತ್ತು ಬಂತು ಎಂದು ಹೇಳಿಕೊಳ್ಳುತ್ತಾನೆಯೇ?

ಸಭೆ ಅಕ್ಟೋಬರ್ 15ಕ್ಕೆ. ನನ್ನ ಮಾತನ್ನು ಸಿದ್ಧ ಮಾಡಿಕೊಂಡಿದ್ದೇನೆ. ನೀನು ಅಳಬಹುದು. ನಾನೂ ಅತ್ತಿದ್ದೇನೆ, ನಿನ್ನ ದೊಡ್ಡಪ್ಪ ಸತ್ತಾಗ, ಅವನ ತಮ್ಮ ಸಭಾಮನೆಯಲ್ಲಿ ನನ್ನ ಮಾತಿಗೆ ನಕ್ಕಾಗ.

ತೆಪೋರಿ


ರಾರೊಟೊಂಗಾ
12 ಅಕ್ಟೋಬರ್ 1994

ದೊಡ್ಡಮ್ಮ,

ಇದನ್ನು ವಿಮಾನದವನಿಗೆ ಕೊಟ್ಟು, ನಿಮ್ಮ ಕೈಗೇ ಕೊಡು, ಬೇರೆ ಯಾರಿಗೂ ಬೇಡ ಎಂದು ಕೇಳಿಕೊಂಡಿದ್ದೇನೆ, ಕಾಲು ಹಿಡಿಯುವುದೊಂದು ಬಾಕಿ.

ಒಂದೇ ಲೆಕ್ಕ. ಕೊನೆಯದು.

ದೇವರ ಹಗ್ಗ ಎಷ್ಟು?

ಮೆರೆಯಾನಾ


ಮೋಟುಕೋರಾ
29 ಅಕ್ಟೋಬರ್ 1994

ಮೆರೆಯಾನಾ,

ನಿನ್ನ ಕಾಗದ ಸಭೆಯ ದಿನ ಬೆಳಗ್ಗೆ ಬಂತು. ಓದಿ ಸಿಟ್ಟು ಬಂತು. ಇದೆಂಥ ಪ್ರಶ್ನೆ! ಕುಟುಂಬಕ್ಕೆ ಹತ್ತು. ಎಲ್ಲರಿಗೂ ಗೊತ್ತು. ನಿನ್ನ ಅಜ್ಜಿಯ ಕಾಲದಿಂದ ಹೊಸ ಗುಡಿಗೆ, ಗಂಟೆಗೆ, ತಗಡಿಗೆ ಎಂದು ಹತ್ತತ್ತು ಹಗ್ಗ ಇಳಿಬಿಡುತ್ತೇವೆ. ಕೊಟ್ಟ ಮೇಲೆ ಅದರ ಕಡೆ ನೋಡುವುದೂ ಇಲ್ಲ. ಕೊಟ್ಟದ್ದನ್ನು ಎಣಿಸಿದರೆ ಕೊಟ್ಟ ಹಾಗಾಗುವುದಿಲ್ಲ.

ಐವತ್ತು ಕುಟುಂಬ. ಹತ್ತತ್ತು. ನೀನು ಹುಡುಕುತ್ತಿದ್ದ ಐನೂರು.

ಗಂಜಿಯ ಬಟ್ಟಲು ಹಿಡಿದವಳು ಹಾಗೇ ಕೂತೆ. ಗಂಜಿ ಆರಿತು.

ಸಭಾಮನೆ ತುಂಬಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ, "ತೆಪೋರಿ ತಾಯಿ ಏನೋ ಹೇಳಬೇಕಂತೆ" ಎಂದರು. ನಾನು ಏನು ಹೇಳುತ್ತೇನೆ ಎಂಬ ಸುದ್ದಿ ಮೊದಲೇ ಹರಡಿತ್ತು. ಹರಡಿದವಳು ನಾನೇ. ನಿನ್ನಪ್ಪ ಗೋಡೆಯ ಹತ್ತಿರ ತಲೆ ತಗ್ಗಿಸಿ ಕೂತಿದ್ದ. ನಗಲಿಲ್ಲ. ಅವನು ನಗದೇ ಇದ್ದದ್ದನ್ನು ನಾನು ಅವನ ಅಣ್ಣನನ್ನು ಮಣ್ಣು ಮಾಡಿದ ದಿನ ಬಿಟ್ಟರೆ ನೋಡಿದ್ದು ಅದೇ ಮೊದಲು.

"ಹಗ್ಗಕ್ಕೆ ಹತ್ತು ಮುತ್ತು ಯಾರೋ ತಿಂತಿದಾರೆ" ಎಂದೆ. "ನನ್ನದು ಮಾತ್ರ ಅಲ್ಲ. ನಿಮ್ಮೆಲ್ಲರದೂ. ಕಳ್ಳ ಸಿಕ್ಕಿದಾನೆ."

ಇಡೀ ಮನೆ ನಿನ್ನಪ್ಪನ ಕಡೆ ತಿರುಗಿತು.

"ಅವನನ್ನ ಯಾಕೆ ನೋಡ್ತೀರಿ? ಮೇಲೆ ನೋಡಿ. ದೇವರು."

ಆಮೇಲೆ ಎದ್ದ ಗದ್ದಲ ನಿನಗೆ ರಾರೊಟೊಂಗಾದಲ್ಲಿ ಕೇಳಿಸಿರಬೇಕು. ಧರ್ಮಸಭೆಯ ಹಿರಿಯನ ಹೆಂಡತಿ ಕಿವಿ ಮುಚ್ಚಿಕೊಂಡು ಹೊರಗೆ ನಡೆದಳು. ಇನ್ನೂ ನಾಲ್ಕು ಜನ ಹೊರಟರು. ಪಾದ್ರಿ ಬಿಳಿಚಿಕೊಂಡು, "ಅಮ್ಮಾ, ಕೂತ್ಕೊಳ್ಳಿ, ನಿಮಗೆ ಹುಷಾರಿಲ್ಲ" ಎಂದರು.

"ನನ್ನ ಮಂಡಿಗೆ ಹುಷಾರಿಲ್ಲ, ತಲೆಗೆ ಏನೂ ಆಗಿಲ್ಲ. ದೇವರ ಹಗ್ಗದ ಚಿಪ್ಪು ಏನು ತಿನ್ನುತ್ತೆ ಪಾದ್ರಿಗಳೇ? ಕೀರ್ತನೆಯಾ? ನಮ್ಮ ಚಿಪ್ಪು ತಿನ್ನೋ ನೀರೇ ಅದೂ ತಿನ್ನುತ್ತೆ."

ಸೀಮೆಸುಣ್ಣ ತೆಗೆದುಕೊಂಡು ಹಲಗೆಗೆ ಹೋದೆ. ನಲವತ್ತೈದನ್ನು ಹೊಡೆದುಹಾಕಿ ಐವತ್ತು ಬರೆದೆ. ನೂರಿಪ್ಪತ್ತು, ಅದರಲ್ಲಿ ನೂರು ಹೋದರೆ ಇಪ್ಪತ್ತು. "ಯಾರಿಗೆ ಹಗ್ಗಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಬಂದಿದೆ? ಕೈ ಎತ್ತಿ" ಎಂದೆ. ಒಂದು ಕೈಯೂ ಏಳಲಿಲ್ಲ. ಇಷ್ಟು ವರ್ಷ ಪ್ರತಿಯೊಬ್ಬನೂ ತನಗೊಬ್ಬನಿಗೇ ಕಮ್ಮಿ ಬರುತ್ತಿದೆ, ಪಕ್ಕದವನ ಕೈವಾಡ ಎಂದುಕೊಂಡು ಬಾಯಿ ಬಿಡದೇ ಇದ್ದ. ನಾನೊಬ್ಬಳೇ ಅಲ್ಲ.

"ಪುನಾನ ಮಗಳು ಎಳೆದ ಗೆರೆ ಸರಿ" ಎಂದೆ. "ಆದ್ರೆ ನಾವು ಅವಳಿಗೆ ಕೊಟ್ಟ ಎಣಿಕೆ ಕಮ್ಮಿ. ಮೂರರಲ್ಲಿ ಒಂದು ಎತ್ತಿದ್ರೆ ಸಾಲದು. ಐವತ್ತರಿಂದ ಮೂವತ್ತಕ್ಕೆ ಇಳೀಬೇಕು, ಅಂದ್ರೆ ಐದರಲ್ಲಿ ಎರಡು ಎತ್ಬೇಕು. ನಮ್ಮದೂ, ದೇವರದೂ."

ಪಾದ್ರಿ ಕೇಳಿದರು, "ದೇವರಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋದಾ ತಾಯಿ?"

"ಯಾರು ವಾಪಸ್ ಕೇಳಿದ್ರು? ಈಗ ದೇವರಿಗೆ ಐನೂರು ಹಗ್ಗ, ಹಗ್ಗಕ್ಕೆ ಇಪ್ಪತ್ತು. ಹತ್ತು ಸಾವಿರ. ಇನ್ನೂರು ಎತ್ತಿ, ಮುನ್ನೂರು ಉಳೀತು, ಹಗ್ಗಕ್ಕೆ ಅರವತ್ತು. ಹದಿನೆಂಟು ಸಾವಿರ. ನಿಮ್ಮ ದೇವರಿಗೆ ಯಾವುದು ಬೇಕು ಅಂತ ನೀವೇ ಕೇಳಿ ಹೇಳಿ."

ಯಾರೋ ಹಿಂದಿನಿಂದ ಕಿಸಕ್ ಎಂದರು. ಪಾದ್ರಿ ಕನ್ನಡಕ ಒರೆಸಿಕೊಂಡು ಹಲಗೆಯ ಹತ್ತಿರ ಬಂದು, "ಇನ್ನೊಂದು ಸಲ ಮಾಡಿ ತೋರಿಸಿ" ಎಂದರು. ಮಾಡಿದೆ. ಮತ್ತೊಂದು ಸಲ ಎಂದರು. ಆಗ ರೇಗಿತು, ಸೀಮೆಸುಣ್ಣ ಅವರ ಕೈಗೇ ಕೊಟ್ಟೆ. ಅವರೇ ಮಾಡಿದರು. ಬೆವರು ಬಂತು, ಉತ್ತರವೂ ಬಂತು. ಆಮೇಲೆ ಸಭೆಯ ಕಡೆ ತಿರುಗಿ, "ಮೊದಲು ದೇವರ ಹಗ್ಗ ಎತ್ತಿ. ಮೊದಲು ಕೈ ಎತ್ತಿದವನು ದೇವರು ಅಂತ ಬರಕೊಳ್ಳಿ" ಎಂದರು.

ಹೊರಗೆ ಹೋದವರನ್ನು ಕರೆತರಲು ಸಂಜೆಯಾಯಿತು. ಕೊನೆಗೆ ಐವತ್ತು ಕೈ. ಹಿರಿಯನ ಹೆಂಡತಿ ಮೊಣಕೈ ಮಟ್ಟಕ್ಕೆ ಎತ್ತಿದಳು, ಅದನ್ನೂ ಸೇರಿಸಿಕೊಂಡರು. ಅವಳು ಈಗ ನನ್ನ ಹತ್ತಿರ ಮಾತಾಡುವುದಿಲ್ಲ. ಭಾನುವಾರ ಹಾಡು ಎತ್ತಿಕೊಡುವ ಜಾಗದಿಂದ ನನ್ನನ್ನು ಎಬ್ಬಿಸಿ ಹಿಂದೆ ಕೂರಿಸಿದ್ದಾರೆ. ಹಿಂದಿನಿಂದ ಎಲ್ಲರ ಬೆನ್ನು ಕಾಣುತ್ತದೆ, ಯಾರು ಹಾಡುತ್ತಾರೆ, ಯಾರು ಬರೀ ಬಾಯಿ ಆಡಿಸುತ್ತಾರೆ ಎಲ್ಲ ಗೊತ್ತಾಗುತ್ತದೆ. ಇರಲಿ.

ಮೂರರಲ್ಲಿ ಒಂದು ಎತ್ತಿದ್ದರೆ ನನ್ನವು ಹದಿಮೂರು ಹೋಗುತ್ತಿದ್ದವು. ಈಗ ಹದಿನಾರು. ಬಾಯಿ ತೆರೆದು ಮೂರು ಹಗ್ಗ ಹೆಚ್ಚಿಗೆ ಕಳೆದುಕೊಂಡೆ. ಅದನ್ನು ನಿನಗೆ ಹೇಳಬೇಕೆನಿಸಿತು.

ಸೋಮವಾರ ಬೆಳಗ್ಗೆ ಎತ್ತಲು ಹೋದಾಗ ನಿನ್ನಪ್ಪನ ದೋಣಿ ಆಗಲೇ ನನ್ನ ತೇಲುಗುಂಡಿನ ಹತ್ತಿರ ನಿಂತಿತ್ತು. ಮತ್ತೆ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಚಾಕು ತೆಗೆದೆ, ಹಗ್ಗ ಕೊಯ್ಯಲು. ಅವನು ನನ್ನ ಕೈ ಹಿಡಿದ.

"ಕೊಯ್ಬೇಡ ಅತ್ತಿಗೆ. ಅಣ್ಣನ ಗಂಟು. ಬಿಚ್ಚೋಣ."

"ನೆನೆದು ಕಲ್ಲಾಗಿದೆ, ಬಿಚ್ಚುತ್ತಾ?"

"ಫೆಬ್ರವರೀಲಿ ಒಂದು ತಾನೇ ಬಿಚ್ಚಿಕೊಂಡಿತ್ತು. ಅಣ್ಣ ಕಟ್ಟಿದ ಹಾಗೇ ಕಟ್ಟೋಕೆ ನನಗೆ ಅರ್ಧ ದಿನ ಹಿಡೀತು. ಆ ಗಂಟು ನನಗೂ ಸರಿಯಾಗಿ ಬರಲ್ಲ."

ಯಾವುದು ಎಂದು ಕೇಳಿದೆ. ತೋರಿಸಿದ. ಎಳೆದು ನೋಡಿದೆ. ಗಂಟು ತಿಹಾವು ಕಟ್ಟಿದ್ದರ ಹಾಗೇ ಇತ್ತು, ಆದರೆ ಕೊನೆಯ ಸುತ್ತು ತಿರುಗುಮುರುಗು. ತಿಹಾವು ಯಾವತ್ತೂ ಎಡಕ್ಕೆ ಸುತ್ತುತ್ತಿದ್ದ. ಇಷ್ಟು ತಿಂಗಳು ಆ ಹಗ್ಗವನ್ನು ಕೈಯಲ್ಲಿ ಹಿಡಿದೂ ನಾನು ಅದನ್ನು ನೋಡಿರಲಿಲ್ಲ.

ಮಧ್ಯಾಹ್ನದವರೆಗೆ ಹದಿನಾರನ್ನೂ ಬಿಚ್ಚಿದೆವು. ಅವನು ತಪ್ಪಾಗಿ ಕಟ್ಟಿದ್ದನ್ನು ಎತ್ತಲಿಲ್ಲ, ನೀರಲ್ಲೇ ಬಿಟ್ಟೆ. ಎತ್ತಿದ ಚಿಪ್ಪಿನ ಮಾಂಸ ಇಡೀ ಊರಿಗೆ ಆಯಿತು, ತೆಂಗಿನ ಹಾಲು ಹಾಕಿ ಬೇಯಿಸಿದರು. ಕೆಲಸ ಮಾಡುವಷ್ಟು ಹೊತ್ತೂ ಅವನ ಕೈಯ ಮೇಲೆ ನನ್ನ ಕಣ್ಣಿತ್ತು. ಅಭ್ಯಾಸ.

"ಅತ್ತಿಗೆ, ಸಭೇಲಿ ಕಳ್ಳ ಅಂದಾಗ ನೀನೂ ನನ್ ಕಡೆ ನೋಡಿದೆ" ಎಂದ.

"ಎಲ್ಲರೂ ನೋಡಿದ್ರು. ನಾನೊಬ್ಬಳೇ ಬೇರೆ ಕಡೆ ನೋಡಿದ್ರೆ ಚೆನ್ನಾಗಿರುತ್ತಾ?"

ಆಗ ನಕ್ಕ. ಅದೇ ನಗು, ಡಬ್ಬಿ ಉರುಳಿದ ಹಾಗೆ.

ಮೊದಲ ಕಾಗದದಲ್ಲೇ ಗೆರೆ ನಿನ್ನದು ಎಂದು ನೀನು ಹೇಳಿದ್ದರೆ ನಾನು ಕಾಗದವನ್ನು ಒಲೆಗೆ ಹಾಕುತ್ತಿದ್ದೆ. ಅದು ನನಗೆ ಗೊತ್ತು. ನಿನಗೂ ಗೊತ್ತಿತ್ತು ಎಂದು ಬರೆಯಬೇಡ.

ಮುಂದಿನ ಲೆಕ್ಕ ಕಳಿಸು. ಒಳಗಡಲು ಸದ್ಯಕ್ಕೆ ಬೇಡ, ಬೇರೆ ಯಾವುದಾದರೂ ಕಳಿಸು. ಉತ್ತರವನ್ನು ಹಿಂದಿನ ಪುಟದಲ್ಲಿ ಬರೆಯಬೇಡ, ಬೆಳಕಿಗೆ ಹಿಡಿದರೆ ಕಾಣುತ್ತದೆ, ನಾನು ನೋಡಿಬಿಡುತ್ತೇನೆ.

ಮತ್ತೆ ಆ ಡೋನಟ್ ಹೆಂಗಸು ಇಪ್ಪತ್ತು ತಟ್ಟೆಗೆ ನಿಲ್ಲಿಸಿದಳೋ ಇಲ್ಲವೋ, ಶನಿವಾರ ಸಂತೆಗೆ ಹೋದಾಗ ನೋಡಿ ಬರೆ. ಗುಡಿಗೆ ಎಂದು ಬೇರೆ ಒಂದು ತಟ್ಟೆ ಕರಿಯುತ್ತಾಳೆಯೇ ಎಂದೂ ಕೇಳು. ಕರಿಯುತ್ತಾಳೆ, ಎಣಿಸುವುದಿಲ್ಲ, ಬೇಕಾದರೆ ನೋಡು.

ನಿನ್ನ ದೊಡ್ಡಮ್ಮ
ತೆಪೋರಿ